ನಾದಿನಿಯ ಸೆಕೆಂಡು ಮುಳ್ಳು

ನಮ್ಮನೆಯವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿ ಅವರ ಕೈಗೆ ಬರುತ್ತಿದ್ದ ಚಕ್ರಗಳು ಆಳೆತ್ತರದವು. ಒಂದನ್ನು ಎತ್ತಿ ಕೂರಿಸಬೇಕಾದರೆ ಸರಪಳಿ ಬೇಕು, ನಾಲ್ಕು ಜನ ಬೇಕು. ಮನೆಗೆ ಬಂದರೆ ಮಾತ್ರ ಅವರಿಗೆ ಸಣ್ಣ ಸಾಮಾನಿನ ಹುಚ್ಚು. ಓಲ್ಡ್ ಟೌನಿನ ನಮ್ಮ ಬೀದಿಯಲ್ಲಿ ಯಾರ ಮನೆ ಬೀಗ ಕಚ್ಚಿಕೊಂಡರೂ, ಯಾರ ಹಾರ್ಮೋನಿಯಂ ಸ್ವರ ಬಿಟ್ಟರೂ ಅದು ನಮ್ಮ ಜಗಲಿಗೆ ಬರುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಇವರು ಅಲಾರಂ ಗಡಿಯಾರವೊಂದನ್ನು ಬಾಳೆಲೆಯ ಮೇಲೆ ಪೂರ್ತಿ ಬಿಚ್ಚಿಟ್ಟುಕೊಂಡು ಕೂತಿದ್ದನ್ನು ನೋಡಿ, ಇದೆಲ್ಲ ಮತ್ತೆ ಅದರೊಳಗೆ ಹೋಗುತ್ತದೆಯೇ ಎಂದು ಗಾಬರಿಯಾಗಿದ್ದೆ. ಹೋಯಿತು. ಮಾರನೇ ಬೆಳಿಗ್ಗೆ ಮನೆಮಂದಿಯನ್ನೆಲ್ಲ ಎಬ್ಬಿಸಿತು ಕೂಡ.

ಮನೆಯಲ್ಲಿ ನಾವು ನಾಲ್ಕು ಜನ. ಇವರು, ನಾನು, ಅತ್ತೆ, ಮತ್ತೆ ಇವರ ತಂಗಿ, ಅಂದರೆ ನನ್ನ ನಾದಿನಿ. ಅವಳು ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಇಂಗ್ಲಿಷ್ ಓದಲು ಬರೆಯಲು ಬರುತ್ತಿತ್ತು. ದಿನವಿಡೀ ಅಡುಗೆಮನೆ, ಹಿತ್ತಲು, ಅಡುಗೆಮನೆ. ಒಂದು ದಿನ ಅಣ್ಣನ ಎದುರು ನಿಂತು, ಶಿವಮೊಗ್ಗದ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಸಲು ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರಂತೆ, ನಾನು ಹೋಗುತ್ತೇನೆ ಎಂದಳು. ಕೇಳಿದ್ದಲ್ಲ, ಹೇಳಿದ್ದು. ಅತ್ತೆ ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ, "ಅಲ್ಲಿ ಊಟಕ್ಕೆ ಏನು ಮಾಡ್ತೀಯೆ?" ಎಂದು ಕೇಳಿದರು. ಅಷ್ಟೇ ಅವರ ಒಪ್ಪಿಗೆ.

ದಸರಾ ಕಳೆದ ಮೇಲೆ ಅಣ್ಣ ತಂಗಿ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಮೇಟ್ರನ್ ಅಮ್ಮನನ್ನು ನೋಡಿ ಬಂದರು. ಆಕೆ ಇವಳ ಕೈಬರಹ ನೋಡಿ, ಉಗುರು ನೋಡಿ, ಸಂಕ್ರಾಂತಿ ಕಳೆದ ಸೋಮವಾರ ಬಾ ಎಂದರಂತೆ. ತರಬೇಕಾದದ್ದು ನಾಲ್ಕು ಬಿಳಿ ಸೀರೆ, ಒಂದು ಹಾಸಿಗೆ ಸುರುಳಿ, ಮತ್ತೆ ಸೆಕೆಂಡು ಮುಳ್ಳಿರುವ ಒಂದು ವಾಚು. ನಾಡಿ ಎಣಿಸುವುದೇ ಮೊದಲ ಪಾಠ. ವಾಚಿಲ್ಲದವರನ್ನು ವಾರ್ಡಿನೊಳಗೆ ಬಿಡುವುದಿಲ್ಲ. ಉಳಿದಿರುವುದು ಒಂದೇ ಜಾಗ, ಹಿಂದೆ ಇನ್ನೊಬ್ಬಳು ಕಾಯುತ್ತಿದ್ದಾಳೆ ಎಂದೂ ಹೇಳಿ ಕಳಿಸಿದ್ದರು.

ಯುದ್ಧದ ಕಾಲ. ಹಡಗುಗಳು ಬರುತ್ತಿರಲಿಲ್ಲ. ಶಿವಮೊಗ್ಗದ ದೊಡ್ಡ ಅಂಗಡಿಯಲ್ಲೂ ವಾಚಿನ ಗಾಜಿನ ಪೆಟ್ಟಿಗೆಯಲ್ಲಿ ಫೌಂಟನ್ ಪೆನ್ನು, ಬಾಚಣಿಗೆ ಇಟ್ಟಿದ್ದರು. ಇದ್ದವರು ಯಾರೂ ಮಾರುವುದಿಲ್ಲ, ಕಲಿಕೆಯ ಮೂರು ವರ್ಷಕ್ಕೂ ಎರವಲಾಗಿ ಯಾರು ಕೊಡುತ್ತಾರೆ? ಆಗ ಇವರು, "ತಂದು ಕೊಡೋಕಾಗದಿದ್ರೆ ಮಾಡಿ ಕೊಡೋಣ" ಎಂದರು. ಅವರು ತಮಾಷೆಗೆ ಹೇಳುತ್ತಿದ್ದಾರೆಂದು ನಾನು ತಿಳಿದೆ. ನಾದಿನಿ ಹಾಗೆ ತಿಳಿಯಲಿಲ್ಲ. "ಯಾವಾಗಿಂದ ಶುರು ಅಣ್ಣ?" ಎಂದಳು.

ಶಿವಮೊಗ್ಗದ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬರು ಸಾಬರಿದ್ದರು. ವಯಸ್ಸಾದವರು, ಬಾಗಿಲಷ್ಟೇ ಅಗಲದ ಅಂಗಡಿ. ಇವರಿಗೆ ಹಿಂದಿನಿಂದಲೂ ಗುರುತು. ಅವರಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಸತ್ತ ವಾಚುಗಳಿದ್ದವು. ಅದರಲ್ಲಿ ಹುಡುಕಿ ಒಂದೇ ಅಳತೆಯ, ಒಂದೇ ಕಂಪನಿಯ ಮೂರನ್ನು ಇವರ ಕೈಗೆ ಹಾಕಿದರಂತೆ. ಒಂದು ತುಂಗಾ ಹೊಳೆಗೆ ಬಿದ್ದು ತುಕ್ಕು ಹಿಡಿದದ್ದು, ಆದರೆ ಮುಖ ಚೆನ್ನಾಗಿತ್ತು, ಮುಳ್ಳು ಮೂರೂ ಇದ್ದವು. ಒಂದರ ಸ್ಪ್ರಿಂಗು ತುಂಡಾಗಿತ್ತು. ಇನ್ನೊಂದು ಕೆಳಗೆ ಬಿದ್ದು, ಒಳಗೆ ಅತ್ತಿಂದಿತ್ತ ತೂಗುವ ಚಕ್ರದ ಕಾಲು ಮುರಿದಿತ್ತು. ಆ ಚಕ್ರಕ್ಕೆ ಬ್ಯಾಲೆನ್ಸ್ ಎನ್ನುತ್ತಾರೆಂದು ಇವರಿಂದಲೇ ಕಲಿತೆ. ಮೂರರಿಂದ ಒಂದು. ಅದೇ ಲೆಕ್ಕಾಚಾರ.

ಸೀಮೆಎಣ್ಣೆಗೆ ಪಡಿತರ ಬಂದಿತ್ತು, ಲಾಟೀನು ಬೆಳಕಲ್ಲಿ ಈ ಕೆಲಸ ಆಗುವುದೂ ಇಲ್ಲ. ಮೊದಲ ಪಾಳಿ ಮುಗಿಸಿ, ಸೈಕಲ್ಲಿನಲ್ಲಿ ಹೊಳೆ ಸೇತುವೆ ದಾಟಿ ಬಂದು, ಬಿಸಿನೀರಲ್ಲಿ ಮೊಣಕೈವರೆಗೆ ಸೀಗೆಪುಡಿ ಹಾಕಿ ತಿಕ್ಕಿಕೊಂಡು, ಕಾಫಿ ಕುಡಿದು ಪಡಸಾಲೆಯ ಕಿಟಕಿಯ ಹತ್ತಿರ ಕೂರುತ್ತಿದ್ದರು. ಬಿಸಿಲು ಎದುರು ಮನೆಯ ಹೆಂಚು ದಾಟುವವರೆಗೆ, ಸುಮಾರು ಎರಡು ಗಂಟೆ. ಎದುರಿಗೆ ಮಣೆ. ಪಂಚೆಯ ಒಂದು ಅಂಚನ್ನು ಮಣೆಗೆ ನಾಲ್ಕು ಮೊಳೆ ಹೊಡೆದು ಸಿಕ್ಕಿಸಿ, ಇನ್ನೊಂದು ಅಂಚನ್ನು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಕೈ ಜಾರಿದ ಸಾಮಾನು ನೆಲಕ್ಕೆ ಬೀಳದೆ ಪಂಚೆಯ ಮಡಿಲಿಗೆ ಬೀಳಲಿ ಅಂತ. ಅತ್ತೆ ನೋಡಿ, "ಕ್ಷೌರಕ್ಕೆ ಕೂತ ಹಾಗಿದೆ" ಎಂದರು.

ಆ ಸಾಮಾನಿನ ಗಾತ್ರ ಹೇಳಿದರೆ ನಂಬುವುದು ಕಷ್ಟ. ಸಾಸಿವೆಯನ್ನು ನಾಲ್ಕಾಗಿ ಒಡೆದರೆ ಅದರಲ್ಲಿ ಒಂದು ಹೋಳಿನಷ್ಟು ತಿರುಪು. ಅದಕ್ಕೂ ತಲೆ, ತಲೆಗೆ ಗೀರು. ಕೂದಲಿಗಿಂತ ಸಣ್ಣ ತಂತಿಯ ಸುರುಳಿ, ಉಸಿರು ತಾಗಿದರೂ ನಡುಗುತ್ತಿತ್ತು. ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು, ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಒಂದೊಂದು ಗಾಜಿನ ಲೋಟ ಬೋರಲು ಹಾಕುತ್ತಿದ್ದರು, ಧೂಳು ಕೂರದ ಹಾಗೆ. ಆ ಎರಡು ತಿಂಗಳು ನಮ್ಮ ಮನೆಗೆ ಬಂದ ನೆಂಟರಿಗೆ ಪಾನಕವನ್ನು ಹಿತ್ತಾಳೆ ಚೊಂಬಿನಲ್ಲೇ ಕೊಟ್ಟೆ. ಚಕ್ರದ ಮೊನೆ ಕೂರುವ ಕೆಂಪು ಕಲ್ಲುಗಳಲ್ಲಿ ಸೂಜಿಮೊನೆಯ ತೂತು, ಅದರೊಳಗಿನ ಕೊಳೆ ತೆಗೆಯಲು ಹಿಡಿಕಡ್ಡಿ. ನಾನು ತೆಂಗಿನ ಗರಿಯ ಕಡ್ಡಿಯನ್ನು ಬ್ಲೇಡಿನಲ್ಲಿ ಚೂಪು ಮಾಡಿ ಮಾಡಿ ಕೊಡುತ್ತಿದ್ದೆ. ಒಂದು ಕಲ್ಲಿಗೆ ಹತ್ತು ಹನ್ನೆರಡು ಕಡ್ಡಿ. ಕಡ್ಡಿಯ ತುದಿ ಬೆಳ್ಳಗೆ ಹೊರಗೆ ಬಂದರೇ ಅವರಿಗೆ ಸಮಾಧಾನ.

ಒಮ್ಮೆ ಒಂದು ತಿರುಪು ಪಂಚೆಯನ್ನೂ ದಾಟಿ ಚಿಮ್ಮಿತು. ಇವರು ಕೂತಲ್ಲೇ ಕಲ್ಲಾದರು. "ಯಾರೂ ಕಾಲಿಡಬೇಡಿ" ಎಂದರು, ಅಷ್ಟೇ. ನಾನೂ ನಾದಿನಿಯೂ ಪಡಸಾಲೆಯನ್ನು ಅಂಗೈಯಗಲ ಅಂಗೈಯಗಲವಾಗಿ ಗುಡಿಸಿ, ಬಂದ ಕಸವನ್ನು ಮೊರಕ್ಕೆ ಹಾಕಿ ಕೇರಿದೆವು. ಅಕ್ಕಿಯಲ್ಲಿ ಕಲ್ಲು ಹೇಗೆ ಹಿಂದಕ್ಕೆ ಸರಿಯುತ್ತದೋ ಹಾಗೆ ಆ ತಿರುಪು ಮೊರದ ಹಿಂಬದಿಗೆ ಬಂದು ಕೂತಿತು. ಇವರು ಅದನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದು, "ನಮ್ಮ ವರ್ಕ್‌ಶಾಪಿನಲ್ಲೂ ಒಂದು ಮೊರ ಇಡ್ಬೇಕು ಮಾರಾಯ್ತಿ" ಎಂದರು.

ಸಿಟ್ಟು ಮಾಡಿಕೊಂಡಿದ್ದನ್ನು ನಾನು ಕಾಣಲಿಲ್ಲ. ಬೆಳಿಗ್ಗೆಯೆಲ್ಲ ಸುತ್ತಿಗೆ, ಸರಪಳಿ ಹಿಡಿದ ಅದೇ ಕೈ. ಬೆರಳು ನನ್ನ ಎರಡು ಬೆರಳಿನಷ್ಟು ದಪ್ಪ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರೆ ಆ ಬೆರಳುಗಳು ಬೇರೆಯವರದೇ ಅನ್ನಿಸುತ್ತಿತ್ತು. ಒಂದು ಚಕ್ರದ ಮೊನೆ ಕಲ್ಲಿನೊಳಗೆ ಕೂರಲಿಲ್ಲವೆಂದರೆ ಒತ್ತುತ್ತಿರಲಿಲ್ಲ. ಮೇಲಿನ ತಗಡನ್ನು ಹಗುರವಾಗಿ ಇಟ್ಟು, ಹಿಡಿಕಡ್ಡಿಯಲ್ಲಿ ಚಕ್ರವನ್ನು ಒಂದಿಷ್ಟು ಅಲುಗಿಸಿ ಕಾಯುತ್ತಿದ್ದರು. "ಅದಕ್ಕೆ ಗೊತ್ತು ತನ್ನ ಜಾಗ ಯಾವ್ದು ಅಂತ. ನಾವು ಅವಸರ ಮಾಡಬಾರದು" ಎನ್ನುತ್ತಿದ್ದರು.

ವಾಚಿನ ಪಟ್ಟಿಯ ಮಾತು ಬಂದಾಗ ಅತ್ತೆ ಬಾಯಿ ಹಾಕಿದರು. ಚರ್ಮದ ಪಟ್ಟಿ ಕಟ್ಟಿಕೊಂಡು ಒಳಗೆ ಬರಕೂಡದು. ಅದಕ್ಕೂ ಇವರು ದಾರಿ ಕಂಡುಹಿಡಿದರು. ಲಾಟೀನಿಗೆ ಹಾಕುವ ಹೊಸ ಬತ್ತಿ ಇದೆಯಲ್ಲ, ಅರ್ಧ ಅಂಗುಲ ಅಗಲದ ಬಿಳಿ ನೇಯ್ಗೆ, ಅದನ್ನು ಎರಡು ಪದರ ಮಾಡಿ ನಾನು ಹೊಲಿದೆ. ಒಗೆದರೆ ಬೆಳ್ಳಗಾಗುತ್ತಿತ್ತು. ಬಿಳಿ ಸೀರೆಗೆ ಹೇಳಿ ಮಾಡಿಸಿದ ಹಾಗಿತ್ತು.

ಉಳಿದದ್ದು ಎಣ್ಣೆ. ವಾಚಿಗೆ ಹಾಕುವ ಎಣ್ಣೆ ಬೇರೆಯೇ ಇದೆ. ಸಾಬರು ವಾಚಿನ ಜೊತೆಗೆ ಅದನ್ನೂ ಒಂದು ಚಿಕ್ಕ ಸೀಸೆಯಲ್ಲಿ ಕೊಡಲು ಬಂದಿದ್ದರಂತೆ. ಕೊಡುವಾಗ ತಾವೇ, "ಸ್ವಾಮಿ, ಹೇಳದೆ ಕೊಟ್ರೆ ಗುನಾ ಆಗ್ತದೆ. ಇದು ಸಮುದ್ರದ ದೊಡ್ಡ ಮೀನಿನ ದವಡೆಯಿಂದ ತೆಗೆದ ಎಣ್ಣೆ. ನಿಮ್ಮ ಮನೇಲಿ ನಡೀತದೋ ಇಲ್ವೋ" ಎಂದರಂತೆ. ದೇವರ ಕೋಣೆಯ ಪಕ್ಕದ ಪಡಸಾಲೆ, ಮಡಿಯಲ್ಲಿರುವ ತಾಯಿ. ಇವರು ಸೀಸೆಯನ್ನು ಅಲ್ಲೇ ಬಿಟ್ಟು ಬಂದಿದ್ದರು. ಬಂದು ನನಗೂ ನಾದಿನಿಗೂ ಹೇಳಿದರು. ಅತ್ತೆಗೆ ಹೇಳುವ ಮಾತೇ ಇಲ್ಲ ಎಂದು ಮೂವರೂ ಒಪ್ಪಿಕೊಂಡೆವು.

ಮನೆಯಲ್ಲಿ ಹೊಲಿಗೆ ಮಿಷನ್ನಿಗೆ, ಬಾಗಿಲ ಕೀಲಿಗೆ, ತಲೆಗೆ, ದೇವರ ದೀಪಕ್ಕೆ, ಎಲ್ಲಕ್ಕೂ ತೆಂಗಿನೆಣ್ಣೆ. ವಾಚಿಗೂ ಅದೇ ಆಯಿತು. ಹೊಸ ಕೊಬ್ಬರಿಯ ಎಣ್ಣೆಯನ್ನು ಮೂರು ಸಲ ಬಟ್ಟೆಯಲ್ಲಿ ಸೋಸಿ, ಹೊಳೆನೀರಿನಷ್ಟು ತಿಳಿಯಾಗಿಸಿ ಕೊಟ್ಟೆ. ಇವರು ಸೂಜಿಯ ಮೊನೆಯಲ್ಲಿ ಅದನ್ನು ಎತ್ತಿ ಒಂದೊಂದು ಕಲ್ಲಿಗೂ ಮುಟ್ಟಿಸಿದರು.

ದೀಪಾವಳಿ ಕಳೆದ ಭಾನುವಾರ ಮಧ್ಯಾಹ್ನ ಬ್ಯಾಲೆನ್ಸ್ ಚಕ್ರ ಕೂರಿಸಿದರು. ಕೂರಿಸಿ, ಕೀಲಿಯನ್ನು ನಾಲ್ಕು ಸುತ್ತು ತಿರುಗಿಸಿ, ಮಣೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿದರು. ಚಕ್ರ ಅತ್ತ ಹೋಯಿತು, ಇತ್ತ ಬಂತು, ಮತ್ತೆ ಅತ್ತ ಹೋಯಿತು, ನಿಲ್ಲಲಿಲ್ಲ. ನಾದಿನಿ ಕಿವಿಯನ್ನು ಮಣೆಗೇ ಹಚ್ಚಿದಳು. ಇವರು ಕಣ್ಣಿನ ಕನ್ನಡಿ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಲೇ ಇದ್ದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಅಂದಿನಿಂದ ದಿನಾ ಕಾರ್ಖಾನೆಯ ಸೈರನ್ನಿನ ಕೂಗಿಗೆ ಹೊಂದಿಸುವುದು. ಕೂಗು ಆದೊಡನೆ ನಾದಿನಿ ಮುಳ್ಳು ನೋಡಿ ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ಹೇಳುವಳು, ನಾನು ಪಂಚಾಂಗದ ಅಂಚಿನಲ್ಲಿ ಬರೆಯುವೆನು. ಮೊದಮೊದಲು ಆರು ನಿಮಿಷ ಮುಂದೆ, ಆಮೇಲೆ ಮೂರು, ಆಮೇಲೆ ಒಂದು. ಹದಿನೈದು ದಿನ ಹೀಗೆ ನಡೆಯಿತು. ಅವಳು ಸಿಕ್ಕವರ ಕೈಯನ್ನೆಲ್ಲ ಹಿಡಿದು ನಾಡಿ ಎಣಿಸಿದಳು. ಹಾಲಿನವಳ ನಾಡಿಯನ್ನೂ ಎಣಿಸಿ, "ಎಂಬತ್ತನಾಲ್ಕು" ಎಂದಾಗ ಆಕೆ, "ಅಷ್ಟು ಹಾಲು ನಾನೆಲ್ಲಿ ಕೊಟ್ಟೆ ಅಮ್ಮಯ್ಯ?" ಎಂದಿದ್ದಳು.

ಆಮೇಲೆ ಚಳಿ ಬಿತ್ತು. ಒಂದು ಬೆಳಿಗ್ಗೆ ನೋಡಿದರೆ ಗೂಡಿನಲ್ಲಿಟ್ಟ ವಾಚು ನಿಂತಿದೆ. ಮಧ್ಯಾಹ್ನದ ಹೊತ್ತಿಗೆ ತಾನೇ ಶುರುವಾಯಿತು. ಮಾರನೇ ದಿನವೂ ಹಾಗೇ. ಇವರು ಬಿಚ್ಚಿದರು, ತೊಳೆದರು, ಮತ್ತೆ ತೆಂಗಿನೆಣ್ಣೆ ಮುಟ್ಟಿಸಿ ಜೋಡಿಸಿದರು. ಮಧ್ಯಾಹ್ನ ಸರಾಗವಾಗಿ ನಡೆಯಿತು, ಬೆಳಿಗ್ಗೆ ನಿಂತಿತು. ಸ್ಪ್ರಿಂಗು ಬದಲಿಸಿದರು. ನಿಂತಿತು. ಸುರುಳಿ ತಂತಿಯನ್ನು ಎರಡು ಭಾನುವಾರ ತಿದ್ದಿದರು. ನಿಂತಿತು. ಸಂಕ್ರಾಂತಿಗೆ ಮೂರು ವಾರ ಉಳಿದಿತ್ತು. ನಾದಿನಿ ಬಿಳಿ ಸೀರೆಗಳಿಗೆ ಅಂಚು ಹೊಲಿಯುತ್ತಿದ್ದವಳು, ಮೂರನೆಯದನ್ನು ಅರ್ಧಕ್ಕೇ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

ಅವಳು ಕೈಗೆ ಕಟ್ಟಿಕೊಂಡಿದ್ದರೆ ಮಾತ್ರ ನಿಲ್ಲುವುದಿಲ್ಲ. ಅದನ್ನು ಅವಳೇ ಕಂಡುಕೊಂಡಳು. "ಬಿಡು ಅಣ್ಣ, ನಾನು ಬಿಚ್ಚೋದೇ ಇಲ್ಲ" ಎಂದಳು.

"ಹೆರಿಗೆ ಮನೇಲಿ ಕೈ ತೊಳೆಯೋವಾಗ ಬಿಚ್ಚಬೇಕು. ಸ್ನಾನಕ್ಕೆ ಬಿಚ್ಚಬೇಕು. ಬೆಳಗಿನ ಜಾವ ಒಂದು ಮಗು ಹುಟ್ಟೋ ಹೊತ್ತಿಗೆ ಇದು ನಿಂತ್ರೆ ಏನು ಮಾಡ್ತೀ?" ಎಂದರು ಇವರು. "ಮೈಬಿಸಿ ಇದ್ರೆ ಮಾತ್ರ ಓಡೋದು ವಾಚಲ್ಲ ಮಾರಾಯ್ತಿ, ಕೋಳಿಮೊಟ್ಟೆ."

ಮೈಬಿಸಿ ಎಂಬ ಮಾತು ಅವರ ಬಾಯಿಂದಲೇ ಬಂದರೂ ಮುಂದಕ್ಕೆ ಯಾರಿಗೂ ಹೊಳೆಯಲಿಲ್ಲ. ಆ ದಿನ ಶನಿವಾರ, ಎಣ್ಣೆ ಸ್ನಾನ. ಇವರು ರಜ ಹಾಕಿ ಬೆಳಿಗ್ಗೆಯೇ ಮಣೆಯ ಮುಂದೆ ಕೂತಿದ್ದರು. ಅತ್ತೆ ಎಣ್ಣೆಯ ಸೀಸೆಯನ್ನು ತಲೆಕೆಳಗೆ ಮಾಡಿ ಅಂಗೈಗೆ ಕುಟ್ಟಿದರು. ಏನೂ ಬೀಳಲಿಲ್ಲ. "ಮೇಣ ಆಗಿ ಕೂತಿದೆ. ಇದನ್ನೊಂದಿಷ್ಟು ಬಿಸಿಲಿಗಿಡೇ" ಎಂದು ನನ್ನ ಕೈಗೆ ಕೊಟ್ಟರು. ನಾನು ಪಡಸಾಲೆ ದಾಟಿ ಜಗಲಿಗೆ ಹೋಗುತ್ತಿದ್ದೆ. ಇವರು ಮಣೆಯಿಂದ ತಲೆ ಎತ್ತಿ ನನ್ನ ಕೈಯಲ್ಲಿದ್ದ ಬಿಳಿ ಸೀಸೆ ನೋಡಿದರು. ನಾನೂ ನೋಡಿಕೊಂಡೆ. ಪ್ರತಿ ಚಳಿಗಾಲ, ದಿನಾ ಬೆಳಿಗ್ಗೆ ಮಾಡುವ ಕೆಲಸ. ಒಂದು ತಿಂಗಳಿಂದ ಆ ಸೀಸೆಯನ್ನು ಈ ಮಣೆಯ ಪಕ್ಕದಲ್ಲೇ ದಾಟಿಸಿ ಬಿಸಿಲಿಗಿಡುತ್ತಿದ್ದೆ.

"ಅಷ್ಟು ಸಣ್ಣ ಚಕ್ರಕ್ಕೆ ಅದು ಗಾರೆ ಇದ್ದ ಹಾಗೆ" ಎಂದರು ಇವರು. ಅವರ ಮುಖದಲ್ಲಿ ನಾಚಿಕೆಯೂ ಇತ್ತು, ಕಾರಣ ಸಿಕ್ಕಿತೆಂಬ ಖುಷಿಯೂ ಇತ್ತು. ಖುಷಿಯೇ ಹೆಚ್ಚಿತ್ತೇನೋ.

ಈಗ ಮೀನಿನೆಣ್ಣೆಯ ಮಾತು ತೆಗೆಯದೆ ಗತಿಯಿಲ್ಲ. ಸ್ನಾನವಾದ ಮೇಲೆ ಅತ್ತೆ ಹಿತ್ತಲ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಇವರು ಹೋಗಿ ಪಕ್ಕದಲ್ಲಿ ಕೂತು ತಾವೂ ನಾಲ್ಕು ಕಾಯಿ ಸುಲಿದರು. ಅಡುಗೆಮನೆ ಕಿಟಕಿಯಲ್ಲಿ ನಾವಿಬ್ಬರೂ ನಿಂತಿದ್ದೆವು. ಇವರು ಸಾಬರು ಹೇಳಿದ್ದನ್ನೆಲ್ಲ, ಸೀಸೆ ಬಿಟ್ಟು ಬಂದದ್ದನ್ನೆಲ್ಲ ಹೇಳಿ ಮುಗಿಸಿದರು.

ಅತ್ತೆ ಕೈ ನಿಲ್ಲಿಸಲಿಲ್ಲ. "ಎಷ್ಟು ಹಾಕ್ತೀಯ ಆ ಎಣ್ಣೆ?"

"ಒಂದೊಂದು ಕಲ್ಲಿಗೆ ಸೂಜಿಮೊನೆಯಷ್ಟು. ಎಲ್ಲಾ ಸೇರಿಸಿದ್ರೂ ಒಂದು ತೊಟ್ಟು ಆಗಲ್ಲಮ್ಮ."

"ಅಷ್ಟಕ್ಕಾ ಇಷ್ಟು ದಿನ ಹುಡುಗೀನ ಗೋಳು ಹುಯ್ಕೊಂಡದ್ದು?" ಅತ್ತೆ ಸಿಪ್ಪೆಯನ್ನು ಬುಟ್ಟಿಗೆ ಎಸೆದರು. "ಅವಳು ಅಲ್ಲಿ ಹೋಗಿ ಯಾರ್ಯಾರ ಮೈಲಿಗೆ ತೊಳೀತಾಳೋ. ಅದಕ್ಕೆ ಹೂಂ ಅಂದಿದೀನಿ. ಒಂದು ತೊಟ್ಟು ಮೀನೆಣ್ಣೆಗೆ ಊಹೂಂ ಅಂತೀನಾ? ನನ್ನ ಕೇಳಿದ್ರಾ ಯಾರಾದ್ರೂ?"

ಯಾರೂ ಕೇಳಿರಲಿಲ್ಲ. ಅತ್ತೆ ಬೇಡ ಅನ್ನುತ್ತಾರೆ ಎಂದು ನಾವೇ ಅಂದುಕೊಂಡು, ನಾವೇ ಹೆದರಿಕೊಂಡು, ಎರಡು ತಿಂಗಳು ತೆಂಗಿನೆಣ್ಣೆಯ ಜೊತೆ ಗುದ್ದಾಡಿದ್ದೆವು. ಅವರ ಷರತ್ತು ಎರಡೇ. ಎಣ್ಣೆ ಹಾಕುವ ಕೆಲಸ ಹಿತ್ತಲಲ್ಲಿ ಆಗಬೇಕು, ಆದ ಮೇಲೆ ಇವರು ಸ್ನಾನ ಮಾಡಿ ಒಳಗೆ ಬರಬೇಕು. "ಅವಳು ಮನೇಗೆ ಬಂದಾಗ ವಾಚನ್ನ ಹೊರಗಿನ ಮೊಳೆಗೆ ತಗಲುಹಾಕ್ಲಿ" ಎಂದು ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದನ್ನು ಸೇರಿಸಿದರು.

ಮಾರನೇ ದಿನವೇ ಅಣ್ಣ ತಂಗಿ ಇಬ್ಬರೂ ಶಿವಮೊಗ್ಗಕ್ಕೆ ಹೋದರು. ಅಲ್ಲಿ ಆದದ್ದನ್ನು ನನಗೆ ಹೇಳಿದವಳು ನಾದಿನಿ. ಇವರಾಗಿದ್ದರೆ ಹೇಳುತ್ತಿರಲಿಲ್ಲ. ಸಾಬರು ತೆಂಗಿನೆಣ್ಣೆಯ ಕತೆ ಕೇಳಿ ಗಡ್ಡದಲ್ಲೇ ನಕ್ಕರಂತೆ. "ತಲೆಗೆ ಹಚ್ಚೋದು ತಲೆಗೆ ಹಚ್ಚಿ ಸ್ವಾಮಿ, ಪಾಪ ಇದಕ್ಕೇನು ಕೂದಲಾ?" ಎಂದರಂತೆ. ಆಮೇಲೆ ವಾಚಿನ ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಕನ್ನಡಿ ಸಿಕ್ಕಿಸಿಕೊಂಡು ನೋಡಿದವರು ನಗು ನಿಲ್ಲಿಸಿದರಂತೆ. ಬಹಳ ಹೊತ್ತು ನೋಡಿದರಂತೆ. ಒಂದೂ ತಿರುಪಿನ ತಲೆ ಗೀಚಿರಲಿಲ್ಲ. ಸುರುಳಿ ತಂತಿ ಚಪ್ಪಟೆಯಾಗಿ, ಸುತ್ತು ಸುತ್ತಿಗೂ ಒಂದೇ ಅಂತರದಲ್ಲಿತ್ತು. "ನಿಮ್ಮ ಉಸ್ತಾದ್ ಯಾರು?" ಎಂದು ಕೇಳಿದರಂತೆ. ಇವರು, ಯಾರೂ ಇಲ್ಲ, ಪಾಳಿ ಮುಗಿಸಿ ಮನೆಯಲ್ಲಿ ಕೂತು ಮಾಡಿದ್ದು ಎಂದಾಗ, ಸಾಬರು ಎದ್ದು ನಿಂತು, ಗೋಡೆಗೂಡಿನಿಂದ ತಮ್ಮದೇ ಎಣ್ಣೆ ಸೂಜಿಯನ್ನು ತೆಗೆದು ಸೀಸೆಯ ಜೊತೆ ಇವರ ಕೈಗಿಟ್ಟರಂತೆ. ತುದಿ ಚಪ್ಪಟೆ ಮಾಡಿದ ಸಣ್ಣ ಸೂಜಿ, ಕೈಹಿಡಿ ಸವೆದು ನುಣುಪಾಗಿತ್ತು. "ಅದನ್ನ ಅವರು ಬೇರೆ ಯಾರಿಗೂ ಮುಟ್ಟೋಕೂ ಬಿಡಲ್ವಂತೆ ಅತ್ತಿಗೆ, ಪಕ್ಕದ ಅಂಗಡಿಯವರು ಹೇಳಿದ್ರು" ಎಂದಳು ನಾದಿನಿ. ಇವರು ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿಬಿಟ್ಟಿದ್ದರು.

ಮತ್ತೆ ಎಲ್ಲ ಬಿಚ್ಚಿ, ತೆಂಗಿನೆಣ್ಣೆಯ ಜಿಡ್ಡನ್ನು ಒಂದೊಂದು ಕಲ್ಲಿನಿಂದಲೂ ಕಡ್ಡಿ ಹಾಕಿ ತೆಗೆದು, ಹಿತ್ತಲ ತುಳಸಿಕಟ್ಟೆಯಿಂದ ದೂರ, ಬಚ್ಚಲ ಜಗಲಿಯ ಮೇಲೆ ಹೊಸ ಎಣ್ಣೆ ಮುಟ್ಟಿಸಿ ಜೋಡಿಸಲು ಒಂದು ವಾರ ಹಿಡಿಯಿತು. ಜೋಡಿಸಿದ ಮರುದಿನ ಬೆಳಿಗ್ಗೆ ಹೊಳೆಯಿಂದ ಎದ್ದ ಮಂಜು ಬೀದಿಯವರೆಗೆ ಬಂದಿತ್ತು. ನಾನು ಒಲೆ ಹಚ್ಚುವ ಮೊದಲು ಹೊರಜಗಲಿಯ ಗೂಡಿಗೆ ಕೈಹಾಕಿದೆ. ಕಂಚಿನ ಹಾಗೆ ತಣ್ಣಗಿತ್ತು ವಾಚು. ಆರರ ಅಂಕಿಯ ಮೇಲಿನ ಚಿಕ್ಕ ಬಳೆಯಲ್ಲಿ ಸೆಕೆಂಡು ಮುಳ್ಳು ತಿರುಗುತ್ತಿತ್ತು. ತಿರುಗಿ ನೋಡಿದರೆ ನಾದಿನಿ ಹಿಂದೆಯೇ ನಿಂತಿದ್ದಳು. ಅವಳಿಗಿಂತ ಮೊದಲು ಅತ್ತೆ ಬಂದು ನೋಡಿ ಹೋಗಿದ್ದರೆಂದು ಆಮೇಲೆ ತಿಳಿಯಿತು. ನಾದಿನಿ ಆ ಹೊತ್ತು ಮೂರನೇ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಳು.

ಹೇಳಿದ ಸೋಮವಾರ ಅವಳು ಹೋದಳು. ಮೂರು ವಾರ ಕಳೆದು ಒಂದು ಭಾನುವಾರ ರಜಕ್ಕೆ ಬಂದಳು, ಮೈ ಇಳಿದಿತ್ತು, ಮಾತು ಹೆಚ್ಚಾಗಿತ್ತು. ಊಟಕ್ಕೆ ಕೂರುವ ಮೊದಲೇ ಮೊದಲ ದಿನದ ಕತೆ ಹೇಳಿದಳು. ಮೇಟ್ರನ್ ಅಮ್ಮ ಇವಳ ಬತ್ತಿ ಪಟ್ಟಿ ನೋಡಿ, ಇದೆಂಥ ವಾಚು ಎಂದು ಹುಬ್ಬು ಏರಿಸಿದರಂತೆ. ಒಬ್ಬ ಬಾಣಂತಿಯ ಎರಡು ಕೈಯನ್ನು ಇಬ್ಬರೂ ಹಿಡಿದು, ಆಕೆ ತಮ್ಮ ವಾಚು ನೋಡಿಕೊಂಡು, ಇವಳು ತನ್ನದನ್ನು ನೋಡಿಕೊಂಡು, ಒಂದು ನಿಮಿಷ ಎಣಿಸಿದರಂತೆ. ಇಬ್ಬರಿಗೂ ಎಪ್ಪತ್ತೆಂಟು ಬಂತು. ಆಕೆ ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡರು.

ಇವರು ಎಲ್ಲ ಕೇಳಿದರು. ಕೇಳಿ, "ಅದು ಸರಿ, ದಿನಕ್ಕೆ ಎಷ್ಟು ವ್ಯತ್ಯಾಸ ಬರ್ತಿದೆ?" ಎಂದರು.

"ಅರ್ಧ ನಿಮಿಷ ಮುಂದೆ ಹೋಗತ್ತೆ ಅಣ್ಣ. ದಿನಾ ಅಷ್ಟೇ."

"ಅರ್ಧ ನಿಮಿಷ." ಇವರ ಕೈ ಆಗಲೇ ಮಣೆಯ ಕಡೆ ಹೋಗಿತ್ತು. "ಕೊಡಿಲ್ಲಿ. ಬುಧವಾರದೊಳಗೆ ಸರಿಮಾಡಿ ನಾನೇ ತಂದು ಕೊಡ್ತೀನಿ."

"ನಾಳೆ ಬೆಳಿಗ್ಗೆ ಐದಕ್ಕೆ ನನಗೆ ಡ್ಯೂಟಿ. ಕೊಡಲ್ಲ."

"ಒಂದೇ ತಿರುಪು ಮಾರಾಯ್ತಿ, ಕೂದಲೆಳೆಯಷ್ಟು."

"ಎಳೆಯಷ್ಟೂ ಬೇಡ," ಎಂದು ಅವಳು ಹೊರಗೆ ಹೋಗಿ, ಮೊಳೆಗೆ ತಗಲುಹಾಕಿದ್ದ ವಾಚನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಊಟಕ್ಕೆ ಕೂತಾಗಲೂ ಅದು ಅಲ್ಲೇ ಇತ್ತು. ಅತ್ತೆ ನೋಡಿದರು, ಅವಳ ಎಲೆಗೆ ಹಿದುಕಿದ ಬೇಳೆ ಸಾರು ಇನ್ನೊಂದು ಸೌಟು ಬಡಿಸಿದರು.